ಜೀವರಸಾಯನ ವಿಜ್ಞಾನಿ ಸುಬ್ಬರಾವ್

ಔಷಧದ ಗುಳಿಗೆಯೊಂದು ರೋಗಿಯ ಕೈ ಸೇರುವಾಗ ಅದರ ಹೊದಿಕೆಯ ಮೇಲೆ ತಯಾರಕರ ಹೆಸರಿರುತ್ತದೆ, ಬೆಲೆಯಿರುತ್ತದೆ, ಅದು ಕೆಡುವ ದಿನಾಂಕವೂ ಇರುತ್ತದೆ. ಆದರೆ ಅದನ್ನು ಕಂಡುಹಿಡಿಯಲು ಹಗಲಿರುಳು ದುಡಿದವರ ಹೆಸರು ಮಾತ್ರ ಇರುವುದಿಲ್ಲ. ರೋಗಿಯೂ ಅದನ್ನು ಕೇಳುವುದಿಲ್ಲ. ನೋವು ಶಮನವಾದರೆ, ಪ್ರಾಣ ಉಳಿದರೆ ಅವನಿಗೆ ಅಷ್ಟೇ ಸಾಕು. ಇಂತಹ ಹೆಸರಿಲ್ಲದ ಉಪಕಾರವನ್ನು ಮನುಕುಲಕ್ಕೆ ಮಾಡಿ ಹೋದವರಲ್ಲಿ ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರು ಅಗ್ರಗಣ್ಯರು. ಅರ್ಬುದ ರೋಗವನ್ನು, ಅಂದರೆ ಕ್ಯಾನ್ಸರನ್ನು, ಶಸ್ತ್ರಚಿಕಿತ್ಸೆಯ ಕತ್ತಿಯಿಂದಲೂ ಕ್ಷಕಿರಣಗಳಿಂದಲೂ ಅಲ್ಲದೆ ಔಷಧದಿಂದಲೂ ಎದುರಿಸಬಹುದೆಂದು ತೋರಿಸಿಕೊಟ್ಟ ಮೊದಲ ಪ್ರಯತ್ನಗಳಲ್ಲಿ ಅವರ ಪ್ರಯೋಗಶಾಲೆಯ ಪಾತ್ರ ಬಹು ದೊಡ್ಡದು.

ಸುಬ್ಬರಾವ್ ಅವರು 1895ರ ಜನವರಿ 12ರಂದು ಗೋದಾವರಿಯ ಮುಖಜಭೂಮಿಯಲ್ಲಿರುವ ಭೀಮಾವರದಲ್ಲಿ ಜನಿಸಿದರು. ಈಗ ಆಂಧ್ರಪ್ರದೇಶಕ್ಕೆ ಸೇರಿದ ಆ ಊರು ಅಂದು ಮದರಾಸು ಪ್ರಾಂತದಲ್ಲಿತ್ತು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಮಂದಿ ಮಕ್ಕಳ ದೊಡ್ಡ ಸಂಸಾರ. ತಂದೆಯವರು ಅನಾರೋಗ್ಯದ ಕಾರಣ ಬೇಗನೆ ನೌಕರಿಯಿಂದ ನಿವೃತ್ತರಾದುದರಿಂದ ಮನೆಯಲ್ಲಿ ಬಡತನ ನೆಲೆಸಿತು. ಸಂಸಾರವನ್ನು ಸರಿದೂಗಿಸುವ ಹೊಣೆಯೂ ಮಕ್ಕಳನ್ನು ಓದಿಸುವ ಹೊಣೆಯೂ ವೆಂಕಮ್ಮನವರ ಹೆಗಲಿಗೆ ಬಿದ್ದವು. ಆ ತಾಯಿ ಹಟವಾದಿ. ಮಗ ಓದಲೇಬೇಕು ಎಂಬುದು ಆಕೆಯ ಸಂಕಲ್ಪ.

ಮಗನಿಗಾದರೋ ಬಾಲ್ಯದಲ್ಲಿ ಓದಿನ ಮೇಲೆ ಅಂತಹ ಒಲವಿರಲಿಲ್ಲ. ಒಮ್ಮೆ ಕಾಶಿಗೆ ಹೋಗಿ ಅಲ್ಲಿಗೆ ಬರುವ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಸಂಪಾದಿಸಬೇಕೆಂದು ಆ ಹುಡುಗ ಮನೆಬಿಟ್ಟು ಹೊರಟದ್ದುಂಟು. ಮನೆಯವರು ದಾರಿಯಲ್ಲಿಯೇ ಅವನನ್ನು ಪತ್ತೆಮಾಡಿ ಹಿಂದಕ್ಕೆ ಕರೆತಂದರು. ರಾಜಮಹೇಂದ್ರಿಯಲ್ಲಿ ಶಾಲೆಗೆ ಸೇರಿದ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾದರು. ಮೂರನೆಯ ಪ್ರಯತ್ನದಲ್ಲಿ, ಮದರಾಸಿನ ಹಿಂದೂ ಪ್ರೌಢಶಾಲೆಯಿಂದ, ತೇರ್ಗಡೆಯಾದರು. 1913ರಲ್ಲಿ ತಂದೆ ತೀರಿಕೊಂಡರು. ಮುಂದೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ತರಗತಿಯಲ್ಲಿ ಓದುವಾಗ ಅವರ ಮನಸ್ಸು ವೈರಾಗ್ಯದ ಕಡೆಗೆ ತಿರುಗಿತು. ರಾಮಕೃಷ್ಣ ಆಶ್ರಮವನ್ನು ಸೇರಿ ಸಂನ್ಯಾಸಿಯಾಗಬೇಕೆಂದು ಅವರು ಬಯಸಿದರು. ತಾಯಿ ಇದಕ್ಕೆ ಒಪ್ಪಲಿಲ್ಲ. ತಾಯಿಯ ಒಪ್ಪಿಗೆಯಿಲ್ಲದೆ ಆಶ್ರಮವೂ ಅವರನ್ನು ಸೇರಿಸಿಕೊಳ್ಳಲಿಲ್ಲ. ವೈದ್ಯನಾದರೆ ಜನಸೇವೆ ಮಾಡಬಹುದೆಂಬ ಹಿತವಚನ ಅವರಿಗೆ ದೊರೆಯಿತು. ಹೀಗೆ ಕಾವಿಯನ್ನು ಉಡಬೇಕೆಂದಿದ್ದ ತರುಣ ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು.

ವೈದ್ಯಕೀಯ ವಿದ್ಯಾಭ್ಯಾಸವೂ ಸುಗಮವಾಗಿ ಸಾಗಲಿಲ್ಲ. ಆಗ ದೇಶದಲ್ಲಿ ಸ್ವಾತಂತ್ರ್ಯದ ಹೋರಾಟ ಕಾವೇರುತ್ತಿತ್ತು. ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾವ್ ಅವರು ಶಸ್ತ್ರಚಿಕಿತ್ಸಾ ವಿಭಾಗದಲ್ಲಿಯೂ ಖಾದಿಯ ನಿಲುವಂಗಿಯನ್ನೇ ತೊಡಲಾರಂಭಿಸಿದರು. ಆಂಗ್ಲ ಪ್ರಾಧ್ಯಾಪಕರಿಗೆ ಇದು ಸರಿಬೀಳಲಿಲ್ಲ. ಕಡೆಗೆ ಸುಬ್ಬರಾವ್ ಅವರಿಗೆ ದೊರೆತದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ದರ್ಜೆಯ ಎಲ್.ಎಂ.ಎಸ್. ಪದವಿ. ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲು ಇದರಿಂದ ಬಹುಮಟ್ಟಿಗೆ ಮುಚ್ಚಿದಂತಾಯಿತು. ಅವರು ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾದರು.

ಇದೇ ಕಾಲದಲ್ಲಿ ಅವರ ಮನೆಗೆ ದೊಡ್ಡ ಆಘಾತ ಬಂದೆರಗಿತು. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸೋದರರು ಸ್ಪ್ರೂ ಎಂಬ ವ್ಯಾಧಿಗೆ ಬಲಿಯಾದರು. ಉಷ್ಣದೇಶಗಳಲ್ಲಿ ಕಾಣಿಸಿಕೊಳ್ಳುವ ಈ ವ್ಯಾಧಿಯಲ್ಲಿ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಅತಿಸಾರದಿಂದಲೂ ರಕ್ತಹೀನತೆಯಿಂದಲೂ ರೋಗಿ ದಿನದಿನಕ್ಕೆ ಕೃಶನಾಗುತ್ತಾನೆ. ಅಂದಿನ ವೈದ್ಯಶಾಸ್ತ್ರಕ್ಕೆ ಇದರ ಕಾರಣವೂ ತಿಳಿದಿರಲಿಲ್ಲ, ನಿಶ್ಚಿತವಾದ ಔಷಧವೂ ತಿಳಿದಿರಲಿಲ್ಲ. ವೈದ್ಯರಾಗಿದ್ದೂ ಒಡಹುಟ್ಟಿದವರನ್ನು ಉಳಿಸಿಕೊಳ್ಳಲಾಗದ ಸಂಕಟ ಸುಬ್ಬರಾವ್ ಅವರನ್ನು ಬಹುವಾಗಿ ಬಾಧಿಸಿತು. ಇರುವ ಔಷಧವನ್ನು ಕೊಡುವುದಷ್ಟೇ ಸಾಲದು, ಇಲ್ಲದ ಔಷಧವನ್ನು ಹುಡುಕಬೇಕು ಎಂಬ ಹಂಬಲ ಅವರಲ್ಲಿ ಬೇರೂರಿತು. ಅದಕ್ಕೆ ಬೇಕಾದ ಪ್ರಯೋಗಶಾಲೆಗಳು ಅಂದು ನಮ್ಮ ದೇಶದಲ್ಲಿ ವಿರಳವಾಗಿದ್ದವು.

1919ರಲ್ಲಿಯೇ ಶೇಷಗಿರಿ ಎಂಬ ಕನ್ಯೆಯೊಡನೆ ಅವರ ವಿವಾಹವಾಗಿತ್ತು. ಮಾವನವರ ನೆರವಿನಿಂದಲೂ ಕಾಕಿನಾಡದ ಧರ್ಮಸಂಸ್ಥೆಯೊಂದು ನೀಡಿದ ಸಹಾಯದ ಭರವಸೆಯಿಂದಲೂ 1920ರ ದಶಕದ ಆರಂಭದಲ್ಲಿ ಸುಬ್ಬರಾವ್ ಅವರು ಅಮೆರಿಕಕ್ಕೆ ಹಡಗು ಹತ್ತಿದರು. ಹಾಗೆ ಹೊರಟವರು ಮರಳಿ ತಾಯ್ನಾಡನ್ನು ಕಾಣಲಿಲ್ಲ. ಅವರ ಮಗು ಶೈಶವದಲ್ಲಿಯೇ ತೀರಿಕೊಂಡಿತು. ಪತ್ನಿ ಇಲ್ಲಿ, ಪತಿ ಅಲ್ಲಿ, ನಡುವೆ ಎರಡು ಸಾಗರಗಳು. ವಿಜ್ಞಾನಿಯ ಸಾಧನೆಯನ್ನು ಎಣಿಸುವಾಗ ಅದಕ್ಕೆ ಆತನ ಮನೆಯವರು ತೆತ್ತ ಬೆಲೆಯನ್ನೂ ನಾವು ಮರೆಯಬಾರದು.

ಬಾಸ್ಟನ್ ನಗರದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಉಷ್ಣದೇಶಗಳ ರೋಗಗಳನ್ನು ಕುರಿತ ಡಿಪ್ಲೊಮಾ ತರಗತಿಗೆ ಸೇರಿದರು. ಕೈಯಲ್ಲಿ ಹಣವಿರಲಿಲ್ಲ. ಭಾರತದಲ್ಲಿ ವೈದ್ಯರಾಗಿದ್ದವರು ಅಲ್ಲಿ ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಯ ವೇಳೆ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸವನ್ನು ಮಾಡಬೇಕಾಯಿತು. ಆ ಕೆಲಸವನ್ನು ಅವರು ಹೀನವೆಂದು ಭಾವಿಸಲಿಲ್ಲ. ರಾತ್ರಿ ದುಡಿದು ಹಗಲು ಓದಿ ಡಿಪ್ಲೊಮಾ ಪಡೆದರು. ಅನಂತರ ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯ ಜೊತೆಗೆ ಕೆಲಸಕ್ಕೆ ಸೇರಿದರು. ಇಲ್ಲಿಂದ ಅವರ ನಿಜವಾದ ಜೀವನ ಆರಂಭವಾಯಿತೆನ್ನಬಹುದು.

ಸುಬ್ಬರಾವ್ ಅವರಿಗೆ ಮೊದಲು ಒಪ್ಪಿಸಲಾದ ಕೆಲಸ ನೋಡಲು ಸಣ್ಣದು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ನಿಖರವಾಗಿ ಅಳೆಯುವ ವಿಧಾನವೊಂದನ್ನು ಅವರು ರೂಪಿಸಬೇಕಾಗಿತ್ತು. ಪರೀಕ್ಷಿಸಬೇಕಾದ ದ್ರವಕ್ಕೆ ಮಾಲಿಬ್ಡೇಟ್ ಎಂಬ ಲವಣವನ್ನು ಬೆರೆಸಿ, ಮತ್ತೊಂದು ರಾಸಾಯನಿಕವನ್ನು ಸೇರಿಸಿದರೆ ನೀಲಿ ಬಣ್ಣ ಮೂಡುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢವಾಗುತ್ತದೆ. ಬಣ್ಣದ ಗಾಢತೆಯನ್ನು ಅಳೆದರೆ ರಂಜಕದ ಪ್ರಮಾಣ ತಿಳಿಯುತ್ತದೆ. 1925ರಲ್ಲಿ ಪ್ರಕಟವಾದ ಈ ವಿಧಾನ ಇಬ್ಬರ ಹೆಸರಿನಲ್ಲಿ, ಫಿಸ್ಕ್–ಸುಬ್ಬರಾವ್ ವಿಧಾನವೆಂದು, ಲೋಕಪ್ರಸಿದ್ಧವಾಯಿತು. ಜೀವರಸಾಯನವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಮುಂದೆ ತಲೆಮಾರುಗಳ ಕಾಲ ಇದನ್ನು ಕಲಿತರು.

ಸಣ್ಣ ಸಾಧನವೂ ದೊಡ್ಡ ಸತ್ಯವನ್ನು ತೋರಿಸಬಲ್ಲುದು. ಸ್ನಾಯುವಿನ ಸಾರವನ್ನು ಈ ವಿಧಾನದಿಂದ ಪರೀಕ್ಷಿಸುವಾಗ ನೀಲಿ ಬಣ್ಣ ಒಮ್ಮೆಗೇ ಮೂಡದೆ ನಿಧಾನವಾಗಿ ಏರುತ್ತಿದ್ದುದು ಕಂಡುಬಂತು. ಪರೀಕ್ಷೆಯಲ್ಲಿ ಏನೋ ದೋಷವಿರಬೇಕೆಂದು ಅದನ್ನು ಕಡೆಗಣಿಸಬಹುದಾಗಿತ್ತು. ಈ ಸಂಶೋಧಕರು ಹಾಗೆ ಮಾಡಲಿಲ್ಲ. ತಡವಾಗಿ ಬಣ್ಣ ಬರುತ್ತಿದೆಯೆಂದರೆ ರಂಜಕವು ಬೇರೆ ಯಾವುದೋ ವಸ್ತುವಿನೊಡನೆ ಸಡಿಲವಾಗಿ ಕೂಡಿಕೊಂಡಿದ್ದು ಮೆಲ್ಲಮೆಲ್ಲನೆ ಬಿಡುಗಡೆಯಾಗುತ್ತಿರಬೇಕು ಎಂದು ಅವರು ತರ್ಕಿಸಿದರು. ಈ ತರ್ಕದ ಜಾಡು ಹಿಡಿದು ಹೊರಟಾಗ ಫಾಸ್ಫೊಕ್ರಿಯಾಟಿನ್ ಎಂಬ ವಸ್ತು ಅವರಿಗೆ ದೊರೆಯಿತು. ಇದನ್ನು 1927ರಲ್ಲಿ ಪ್ರಕಟಿಸಿದರು. ಸ್ನಾಯು ದುಡಿಯುವಾಗ ಈ ವಸ್ತು ಒಡೆಯುತ್ತದೆ, ವಿಶ್ರಮಿಸುವಾಗ ಮತ್ತೆ ಕೂಡಿಕೊಳ್ಳುತ್ತದೆ. ಸ್ನಾಯುವಿನ ಶಕ್ತಿಗೆ ಲ್ಯಾಕ್ಟಿಕ್ ಆಮ್ಲವೇ ಮೂಲವೆಂದು ಅಲ್ಲಿಯವರೆಗೆ ನಂಬಲಾಗಿತ್ತು. ಆ ನಂಬಿಕೆ ಅಲುಗಾಡಿತು. 1929ರಲ್ಲಿ ಅಡಿನೊಸಿನ್ ಟ್ರೈಫಾಸ್ಫೇಟ್, ಅಂದರೆ ಎ.ಟಿ.ಪಿ. ಎಂಬ ವಸ್ತುವನ್ನೂ ಅವರು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಅವರೂ ಸ್ವತಂತ್ರವಾಗಿ ಅದನ್ನು ಕಂಡಿದ್ದರು. ಬ್ಯಾಕ್ಟೀರಿಯದಿಂದ ಮನುಷ್ಯನವರೆಗೆ ಎಲ್ಲ ಜೀವಕೋಶಗಳ ಶಕ್ತಿವ್ಯವಹಾರವೂ ಈ ಎ.ಟಿ.ಪಿ. ಎಂಬ ನಾಣ್ಯದಿಂದಲೇ ನಡೆಯುತ್ತದೆಂಬುದು ಮುಂದೆ ಸ್ಪಷ್ಟವಾಯಿತು.

1930ರಲ್ಲಿ ಸುಬ್ಬರಾವ್ ಅವರಿಗೆ ಡಾಕ್ಟರೇಟ್ ಪದವಿ ಲಭಿಸಿತು. ಡಾಕ್ಟರೇಟ್ ಪದವಿಯೊಂದಿಗೆ ವಿದ್ಯಾಭ್ಯಾಸ ಮುಗಿಯಿತು, ಇನ್ನು ಸುಖವಾಗಿ ಕುಳಿತುಕೊಳ್ಳಬಹುದು ಎಂದು ಹಲವರು ತಿಳಿಯುತ್ತಾರೆ. ಪ್ರಯೋಗವಿಜ್ಞಾನದಲ್ಲಿ ಹಾಗಲ್ಲ. ಅಲ್ಲಿ ಡಾಕ್ಟರೇಟ್ ಎಂಬುದು ಮನೆಯ ಹೊಸ್ತಿಲು ಮಾತ್ರ. ಪದವಿ ಪಡೆದ ತರುಣ ಸಂಶೋಧಕರು ಹಿರಿಯರ ಪ್ರಯೋಗಶಾಲೆಯಲ್ಲಿ ಹಲವು ವರ್ಷ ಕೆಲಸಮಾಡುತ್ತ ತಮ್ಮದೇ ಆದ ಪ್ರಶ್ನೆಯನ್ನು ಹುಡುಕಿಕೊಳ್ಳಬೇಕು. ಹುದ್ದೆ ಶಾಶ್ವತವಲ್ಲ, ಸಂಬಳ ಅಲ್ಪ, ಫಲ ಅನಿಶ್ಚಿತ. ಹತ್ತು ಪ್ರಯೋಗಗಳಲ್ಲಿ ಒಂಬತ್ತು ವ್ಯರ್ಥವಾಗುವುದು ಅಲ್ಲಿ ಸಾಮಾನ್ಯ ಸಂಗತಿ. ಆದರೆ ವ್ಯರ್ಥವಾದ ಪ್ರಯೋಗವೂ ಯಾವ ದಾರಿ ಸರಿಯಲ್ಲವೆಂಬುದನ್ನು ತಿಳಿಸುತ್ತದೆ. ಇಂತಹ ಜೀವನವನ್ನು ಸುಬ್ಬರಾವ್ ಅವರು ಮತ್ತೆ ಹತ್ತು ವರ್ಷ ಹಾರ್ವರ್ಡ್‌ನಲ್ಲಿ ನಡೆಸಿದರು.

ಆ ವರ್ಷಗಳಲ್ಲಿ ಅವರ ಗಮನವನ್ನು ಸೆಳೆದದ್ದು ಯಕೃತ್ತು. ಮಾರಕವಾದ ಒಂದು ಬಗೆಯ ರಕ್ತಹೀನತೆ ಯಕೃತ್ತನ್ನು ಆಹಾರವಾಗಿ ಕೊಟ್ಟರೆ ಗುಣವಾಗುತ್ತದೆಂದು ಬಾಸ್ಟನ್ನಿನ ವೈದ್ಯರಾದ ಮೈನಾಟ್ ಮತ್ತು ಮರ್ಫಿ 1926ರಲ್ಲಿ ತೋರಿಸಿದ್ದರು. ಯಕೃತ್ತಿನಲ್ಲಿರುವ ಯಾವ ವಸ್ತು ಈ ಪವಾಡವನ್ನು ಮಾಡುತ್ತದೆ? ಅದನ್ನು ತಿಳಿಯಲು ಯಕೃತ್ತನ್ನು ಅರೆದು, ಅದರ ಸಾರವನ್ನು ತೆಗೆದು, ಸಾರವನ್ನು ಭಾಗಭಾಗವಾಗಿ ಬೇರ್ಪಡಿಸಿ, ಒಂದೊಂದು ಭಾಗದ ಗುಣವನ್ನೂ ಪರೀಕ್ಷಿಸಬೇಕು. ರಾಶಿ ಹುಲ್ಲಿನಲ್ಲಿ ಬಿದ್ದ ಸೂಜಿಯನ್ನು ಹುಡುಕುವವನಾದರೂ ಸೂಜಿ ಹೇಗಿರುತ್ತದೆಂದು ಬಲ್ಲ. ಇಲ್ಲಿ ಹುಡುಕುವ ವಸ್ತುವಿನ ರೂಪವೇ ತಿಳಿಯದು. ಸುಬ್ಬರಾವ್ ಅವರು ಈ ಶ್ರಮಕ್ಕೆ ಹಿಂಜರಿಯಲಿಲ್ಲ.

ಇಷ್ಟಾದರೂ ಹಾರ್ವರ್ಡ್ ವಿಶ್ವವಿದ್ಯಾಲಯ ಅವರಿಗೆ ಶಾಶ್ವತ ಹುದ್ದೆಯನ್ನು ಕೊಡಲಿಲ್ಲ. ಫಾಸ್ಫೊಕ್ರಿಯಾಟಿನ್ ಮತ್ತು ಎ.ಟಿ.ಪಿ.ಗಳ ಶೋಧದ ಕೀರ್ತಿ ಬಹುಮಟ್ಟಿಗೆ ಹಿರಿಯರಾದ ಫಿಸ್ಕ್ ಅವರಿಗೆ ಸಂದಿತ್ತು. ಹಿರಿಯರ ಬಡ್ತಿಗೆ ಅಡ್ಡಿಯಾಗದಿರಲೆಂದು ಸುಬ್ಬರಾವ್ ಅವರು ತಮ್ಮ ಪಾಲನ್ನು ತಾವಾಗಿಯೇ ಕಡಿಮೆಯಾಗಿ ಹೇಳಿಕೊಂಡರೆಂದು ಅವರ ಜೀವನಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಈ ಔದಾರ್ಯವು ಸರಿಯೋ ತಪ್ಪೋ ಎಂಬ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ದುಡಿದವನಿಗೆ ದುಡಿಮೆಯ ಶ್ರೇಯಸ್ಸು ಸಲ್ಲಬೇಕಾದದ್ದು ನ್ಯಾಯ. ವಿಜ್ಞಾನದ ಲೋಕದಲ್ಲಿಯೂ ಈ ನ್ಯಾಯ ಎಲ್ಲ ಕಾಲದಲ್ಲಿಯೂ ನಡೆದಿಲ್ಲ. ಆದರೆ ಸುಬ್ಬರಾವ್ ಅವರು ಆ ನೋವನ್ನು ಮೆಲುಕು ಹಾಕುತ್ತ ಕೂಡಲಿಲ್ಲ. ನಲವತ್ತೈದರ ವಯಸ್ಸಿನಲ್ಲಿ, 1940ರಲ್ಲಿ, ಅವರು ವಿಶ್ವವಿದ್ಯಾಲಯವನ್ನು ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಿನಲ್ಲಿದ್ದ ಲೆಡರ್ಲಿ ಔಷಧ ಪ್ರಯೋಗಶಾಲೆಯನ್ನು ಸೇರಿದರು. ಶೀಘ್ರದಲ್ಲಿಯೇ ಅಲ್ಲಿನ ಸಂಶೋಧನೆಯ ನಿರ್ದೇಶಕರಾದರು.

ಒಬ್ಬನೇ ಕುಳಿತು ಹುಡುಕುವುದು ಬೇರೆ, ಹಲವರನ್ನು ಕೂಡಿಸಿಕೊಂಡು ಹುಡುಕುವುದು ಬೇರೆ. ಲೆಡರ್ಲಿಯಲ್ಲಿ ಸುಬ್ಬರಾವ್ ಅವರು ಎರಡನೆಯ ಮಾರ್ಗವನ್ನು ಹಿಡಿದರು. ರಸಾಯನಜ್ಞರು, ಸೂಕ್ಷ್ಮಜೀವಿಗಳ ತಜ್ಞರು, ಪ್ರಾಣಿಗಳ ಪೋಷಣೆಯನ್ನು ಬಲ್ಲವರು, ಎಲ್ಲರೂ ಒಂದೇ ಪ್ರಶ್ನೆಯ ಸುತ್ತ ನಿಂತು ದುಡಿಯುವಂತೆ ಮಾಡಿದರು. ಆ ಪ್ರಶ್ನೆಗೆ ಭಾರತದ ನಂಟೂ ಇತ್ತು. 1928ರಿಂದ ಮುಂಬಯಿಯಲ್ಲಿ ಕೆಲಸಮಾಡಿದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದ್ದರು. ಯೀಸ್ಟಿನಲ್ಲಿಯೂ ಯಕೃತ್ತಿನಲ್ಲಿಯೂ ಹಸಿರು ಸೊಪ್ಪಿನಲ್ಲಿಯೂ ಇರುವ ಈ ವಸ್ತುವನ್ನು ಅಮೆರಿಕದ ವಿಜ್ಞಾನಿಗಳು 1941ರಲ್ಲಿ ಪಾಲಕ್ ಸೊಪ್ಪಿನಿಂದ ಪಡೆದರು. ಅಲ್ಪ ಪ್ರಮಾಣದ ವಸ್ತುವಿಗಾಗಿ ನಾಲ್ಕು ಟನ್ ಸೊಪ್ಪು ಬೇಕಾಯಿತು. ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು.

ಇಷ್ಟು ಕಷ್ಟಪಟ್ಟು ಚೂರು ಚೂರು ಪಡೆದರೆ ರೋಗಿಗಳಿಗೆ ಹಂಚುವುದು ಹೇಗೆ? ಅದರ ರಚನೆಯನ್ನು ತಿಳಿದು ಪ್ರಯೋಗಶಾಲೆಯಲ್ಲಿಯೇ ಅದನ್ನು ಕಟ್ಟಬೇಕು. ಸುಬ್ಬರಾವ್ ಅವರ ತಂಡ ಈ ಕಾರ್ಯವನ್ನು ಕೈಗೊಂಡಿತು. ಒಂದು ಜಾತಿಯ ಬ್ಯಾಕ್ಟೀರಿಯ ಈ ವಸ್ತುವಿಲ್ಲದೆ ಬೆಳೆಯಲಾರದು. ಆದ್ದರಿಂದ ಅದು ಎಷ್ಟು ಬೆಳೆಯಿತೆಂಬುದನ್ನು ನೋಡಿ ಯಾವ ಭಾಗದಲ್ಲಿ ಫೋಲಿಕ್ ಆಮ್ಲ ಎಷ್ಟಿದೆಯೆಂದು ಅಳೆದರು. ಕಡೆಗೆ 1945ರಲ್ಲಿ ಲೆಡರ್ಲಿಯಲ್ಲಿ ಫೋಲಿಕ್ ಆಮ್ಲದ ಸಂಶ್ಲೇಷಣೆ ಸಿದ್ಧಿಸಿತು. ಅದನ್ನು ಪ್ರಕಟಿಸಿದ ಬರಹದಲ್ಲಿ ಹಲವು ಸಂಶೋಧಕರ ಹೆಸರುಗಳಿದ್ದವು. ನಿರ್ದೇಶಕರಾದ ಸುಬ್ಬರಾವ್ ಅವರ ಹೆಸರು ಆ ಸಾಲಿನ ಮೊದಲಲ್ಲಿರಲಿಲ್ಲ, ಸಹೋದ್ಯೋಗಿಗಳ ನಡುವೆ ಎಲ್ಲೋ ಒಂದು ಕಡೆ ಇತ್ತು. ಸ್ಪ್ರೂ ವ್ಯಾಧಿಗೆ ಫೋಲಿಕ್ ಆಮ್ಲ ಗುಣಕಾರಿಯೆಂಬುದು ಬೇಗನೆ ಸಿದ್ಧವಾಯಿತು. ಸೋದರರನ್ನು ಕೊಂದ ರೋಗಕ್ಕೆ ಮದ್ದು ದೊರೆಯಲು ಕಾಲು ಶತಮಾನ ಹಿಡಿದಿತ್ತು. ಸೋದರರು ಮರಳಿ ಬರುವಂತಿರಲಿಲ್ಲ. ಆದರೆ ಅವರಂತೆ ನರಳುತ್ತಿದ್ದ ಅಸಂಖ್ಯ ಜನರಿಗೆ ಬದುಕು ಮರಳಿತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರಿದ್ದರು. ರಕ್ತದ ಅರ್ಬುದವಾದ ಲ್ಯುಕೀಮಿಯದಿಂದ ಸಾಯುವ ಮಕ್ಕಳನ್ನು ಅವರು ದಿನವೂ ನೋಡುತ್ತಿದ್ದರು. ಆ ರೋಗದಲ್ಲಿ ಮೂಳೆಯೊಳಗಿನ ಮಜ್ಜೆಯಲ್ಲಿ ಅಪಕ್ವವಾದ ಬಿಳಿಯ ರಕ್ತಕೋಶಗಳು ಲಂಗುಲಗಾಮಿಲ್ಲದೆ ಹೆಚ್ಚುತ್ತವೆ. ಆರೋಗ್ಯಕರವಾದ ಕೋಶಗಳಿಗೆ ಎಡೆಯೇ ಉಳಿಯುವುದಿಲ್ಲ. ಗೆಡ್ಡೆಯಾದರೆ ಕತ್ತರಿಸಿ ತೆಗೆಯಬಹುದು, ಮೈಯೆಲ್ಲ ಹರಿಯುವ ರಕ್ತವನ್ನು ಕತ್ತರಿಸುವುದು ಹೇಗೆ? ರೋಗ ತಿಳಿದ ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮಗು ತೀರಿಕೊಳ್ಳುತ್ತಿತ್ತು. ಅದನ್ನು ತಡೆಯುವ ಔಷಧ ಲೋಕದಲ್ಲಿ ಒಂದೂ ಇರಲಿಲ್ಲ.

ರಕ್ತಹೀನತೆಯನ್ನು ಗುಣಪಡಿಸುವ ಫೋಲಿಕ್ ಆಮ್ಲ ಲ್ಯುಕೀಮಿಯಕ್ಕೂ ಉಪಯೋಗವಾದೀತೆ ಎಂದು ಪರೀಕ್ಷಿಸಲು ಲೆಡರ್ಲಿ ತಯಾರಿಸಿದ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಫಾರ್ಬರ್ ಅವರು ರೋಗಿಗಳಿಗೆ ಕೊಟ್ಟರು. ಫಲ ವಿಪರೀತವಾಯಿತು. ಮಜ್ಜೆಯಲ್ಲಿ ರೋಗದ ಕೋಶಗಳ ಬೆಳವಣಿಗೆ ಕುಗ್ಗುವ ಬದಲು ಹೆಚ್ಚಿದಂತೆ ಕಂಡಿತು. ಇದು ಭಯಂಕರವಾದ ಸೋಲು. ಆದರೆ ಈ ಸೋಲಿನೊಳಗೆ ಒಂದು ಸುಳಿವು ಅಡಗಿತ್ತು. ಯಾವ ಆಹಾರವನ್ನು ಉಂಡು ಶತ್ರು ಕೊಬ್ಬುವನೋ ಆ ಆಹಾರವನ್ನು ತಪ್ಪಿಸಿದರೆ ಅವನು ಸೊರಗಬೇಕಲ್ಲವೆ? ಫೋಲಿಕ್ ಆಮ್ಲ ಕೋಶಗಳಿಗೆ ದೊರೆಯದಂತೆ ತಡೆಯುವ ವಸ್ತುವೊಂದು ಬೇಕು. ಅದನ್ನು ಕಟ್ಟಬಲ್ಲವರು ಯಾರು? ಫೋಲಿಕ್ ಆಮ್ಲವನ್ನೇ ಕಟ್ಟಿದವರು. ಫಾರ್ಬರ್ ಅವರು ಲೆಡರ್ಲಿಯ ಕಡೆಗೆ ತಿರುಗಿದರು.

ಇದನ್ನು ಬೀಗ ಮತ್ತು ಬೀಗದ ಕೈಯ ಹೋಲಿಕೆಯಿಂದ ತಿಳಿಯಬಹುದು. ಕೋಶವು ಇಬ್ಭಾಗವಾಗಿ ಹೆಚ್ಚಬೇಕಾದರೆ ಮೊದಲು ತನ್ನ ಡಿ.ಎನ್.ಎ.ಯ ಪ್ರತಿಯನ್ನು ತಯಾರಿಸಬೇಕು. ಆ ತಯಾರಿಗೆ ಫೋಲಿಕ್ ಆಮ್ಲ ಅಗತ್ಯ. ಕೋಶದಲ್ಲಿರುವ ಒಂದು ಕಿಣ್ವವೆಂಬ ಬೀಗಕ್ಕೆ ಫೋಲಿಕ್ ಆಮ್ಲ ಬೀಗದ ಕೈಯಂತೆ ಹೊಂದಿಕೊಂಡು ಕೆಲಸವನ್ನು ನಡೆಸುತ್ತದೆ. ಅದೇ ಬೀಗದ ಕೈಯಂತೆಯೇ ಕಾಣುವ, ಆದರೆ ಒಂದು ಹಲ್ಲು ಮಾತ್ರ ಬೇರೆಯಾಗಿರುವ ಇನ್ನೊಂದನ್ನು ತೂರಿಸಿದರೆ ಏನಾಗುತ್ತದೆ? ಅದು ಒಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ಒಳಗೇ ಸಿಕ್ಕಿಕೊಂಡು ನಿಜವಾದ ಬೀಗದ ಕೈಗೂ ಎಡೆಗೊಡುವುದಿಲ್ಲ. ಲೆಡರ್ಲಿಯ ರಸಾಯನಜ್ಞರು ಫೋಲಿಕ್ ಆಮ್ಲದ ಅಣುವಿನಲ್ಲಿ ಇಂತಹ ಸಣ್ಣ ಸಣ್ಣ ಬದಲಾವಣೆಗಳನ್ನು ಮಾಡಿ ಹಲವು ವಸ್ತುಗಳನ್ನು ತಯಾರಿಸಿದರು. ಅವುಗಳಲ್ಲಿ ಒಂದು ಅಮಿನೊಪ್ಟೆರಿನ್. ಫೋಲಿಕ್ ಆಮ್ಲದಲ್ಲಿ ಆಮ್ಲಜನಕವಿದ್ದ ಒಂದು ಸ್ಥಾನದಲ್ಲಿ ಸಾರಜನಕದ ಗುಂಪೊಂದನ್ನು ಕೂಡಿಸಿದ್ದೇ ಇದರ ವಿಶೇಷ. ಕಿಣ್ವದ ಈ ರಹಸ್ಯ ಪೂರ್ಣವಾಗಿ ಬಯಲಾದದ್ದು 1950ರ ದಶಕದಲ್ಲಿ. ಆದರೆ ಅದಕ್ಕೆ ಮೊದಲೇ ಔಷಧ ಸಿದ್ಧವಾಗಿತ್ತು.

1947ರ ಕೊನೆಯ ತಿಂಗಳುಗಳಲ್ಲಿ ಫಾರ್ಬರ್ ಅವರು ಅಮಿನೊಪ್ಟೆರಿನ್ನನ್ನು ಲ್ಯುಕೀಮಿಯ ರೋಗದ ಮಕ್ಕಳಿಗೆ ಕೊಡಲಾರಂಭಿಸಿದರು. 1948ರ ಜೂನ್ ತಿಂಗಳಲ್ಲಿ ಅದರ ಫಲವನ್ನು ಪ್ರಕಟಿಸಿದರು. ಚಿಕಿತ್ಸೆ ಪಡೆದ 16 ಮಕ್ಕಳಲ್ಲಿ 10 ಮಕ್ಕಳ ಸ್ಥಿತಿ ಸುಧಾರಿಸಿತ್ತು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಓಡಾಡಿದರು. ಆದರೆ ಈ ಸುಧಾರಣೆ ತಾತ್ಕಾಲಿಕವಾಗಿತ್ತು. ಕೆಲವು ತಿಂಗಳುಗಳ ಅನಂತರ ರೋಗ ಮರುಕಳಿಸುತ್ತಿತ್ತು. ಔಷಧದ ವಿಷಗುಣವೂ ಕಡಿಮೆಯದಾಗಿರಲಿಲ್ಲ, ಏಕೆಂದರೆ ಅದು ರೋಗದ ಕೋಶಗಳ ಜೊತೆಗೆ ಶೀಘ್ರವಾಗಿ ಬೆಳೆಯುವ ಆರೋಗ್ಯದ ಕೋಶಗಳನ್ನೂ ಬಾಧಿಸುತ್ತಿತ್ತು. ಈ ಮಿತಿಗಳನ್ನು ಸಂಶೋಧಕರು ಮರೆಮಾಚಲಿಲ್ಲ. ತಾತ್ಕಾಲಿಕವಾದುದನ್ನು ತಾತ್ಕಾಲಿಕವೆಂದೇ ಬರೆದರು. ಈ ಪ್ರಾಮಾಣಿಕತೆಯೇ ಮುಂದಿನವರಿಗೆ ದಾರಿದೀಪವಾಯಿತು. ಅಲ್ಲಿಯವರೆಗೆ ಅಸಾಧ್ಯವೆಂದು ಕೈಚೆಲ್ಲಿದ್ದ ರೋಗವನ್ನು ರಾಸಾಯನಿಕ ವಸ್ತುವಿನಿಂದ ಹಿಮ್ಮೆಟ್ಟಿಸಬಹುದೆಂಬುದು ಮಾತ್ರ ಸಿದ್ಧವಾಗಿತ್ತು.

ಅಮಿನೊಪ್ಟೆರಿನ್ನಿನ ಸೋದರ ವಸ್ತುವಾದ ಮೆಥೊಟ್ರೆಕ್ಸೇಟ್ ಕೂಡ ಇದೇ ಪ್ರಯೋಗಶಾಲೆಯಿಂದ ಹೊರಬಂತು. ಅದು ಹೆಚ್ಚು ಸುರಕ್ಷಿತವೆಂದು ಕಂಡುಬಂದುದರಿಂದ ಬಳಕೆಯಲ್ಲಿ ಅದೇ ನೆಲೆನಿಂತಿತು. 1956ರಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್ ಎಂಬ ವೈದ್ಯರು ಸ್ತ್ರೀಯರನ್ನು ಕಾಡುವ ಒಂದು ಅಪರೂಪದ ಅರ್ಬುದವನ್ನು ಈ ಔಷಧವೊಂದರಿಂದಲೇ ಹಿಮ್ಮೆಟ್ಟಿಸಿದರು. ದೇಹದಲ್ಲಿ ಹರಡಿದ್ದ ಗೆಡ್ಡೆಯ ಅರ್ಬುದವೊಂದು ಔಷಧದಿಂದ ಗುಣವಾದ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. ಮುಂದೆ ಬೇರೆ ಬೇರೆ ಔಷಧಗಳನ್ನು ಜೊತೆಗೂಡಿಸಿ ಕೊಡುವ ಪದ್ಧತಿ ಬೆಳೆಯಿತು. ಇದರ ಫಲವಾಗಿ, ಒಂದು ಕಾಲಕ್ಕೆ ಯಾರೂ ಉಳಿಯದಿದ್ದ ಮಕ್ಕಳ ಲ್ಯುಕೀಮಿಯದಲ್ಲಿ ಇಂದು ಒಳ್ಳೆಯ ಚಿಕಿತ್ಸಾ ಸೌಕರ್ಯವಿರುವ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ಆ ಚಿಕಿತ್ಸೆಯಲ್ಲಿ ಮೆಥೊಟ್ರೆಕ್ಸೇಟ್ ಇಂದಿಗೂ ಒಂದು ಮುಖ್ಯ ಔಷಧ. ಕೀಲುಗಳನ್ನು ಬಾಧಿಸುವ ರುಮಟಾಯ್ಡ್ ಸಂಧಿವಾತಕ್ಕೂ ಅದನ್ನು ಕೊಡುತ್ತಾರೆ.

ಸುಬ್ಬರಾವ್ ಅವರ ತಂಡದ ಸಾಧನೆ ಇಷ್ಟಕ್ಕೇ ಸೀಮಿತವಲ್ಲ. ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ ಎಪ್ಪತ್ತು ದಾಟಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಅವರು ಲೆಡರ್ಲಿಯಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ ಆರಿಯೊಮೈಸಿನ್ ಎಂಬ ಜೀವಿರೋಧಕವನ್ನು ಕಂಡುಹಿಡಿದರು. 1948ರಲ್ಲಿ ಪ್ರಕಟವಾದ ಇದು ಟೆಟ್ರಸೈಕ್ಲಿನ್ ಎಂಬ ಔಷಧಗಳ ಗುಂಪಿನಲ್ಲಿ ಮೊದಲನೆಯದು. ಆನೆಕಾಲು ರೋಗವನ್ನು ತರುವ ಹುಳುಗಳ ವಿರುದ್ಧ ಹೆಟ್ರಜಾನ್ ಎಂಬ ಔಷಧವೂ ಇಲ್ಲಿಯೇ ರೂಪುಗೊಂಡು 1947ರಲ್ಲಿ ಪ್ರಕಟವಾಯಿತು. ಆರೋಗ್ಯ ಕಾರ್ಯಕರ್ತರು ಕಲಬುರಗಿ, ಬೀದರ್ ಮೊದಲಾದ ಜಿಲ್ಲೆಗಳಲ್ಲಿ ಮನೆಮನೆಗೆ ಬಂದು ನುಂಗಿಸಿದ ಡಿ.ಇ.ಸಿ. ಮಾತ್ರೆಯೆಂದರೆ ಇದೇ ಔಷಧ. ಗೋದಾವರಿಯ ತೀರದಲ್ಲಿ ಹುಟ್ಟಿದ ಒಬ್ಬ ಬಡ ಹುಡುಗನ ಶ್ರಮ ಹೀಗೆ ನಮ್ಮ ನಾಡಿನ ಹಳ್ಳಿಗಳನ್ನೂ ತಲುಪಿತು.

ಫಾರ್ಬರ್ ಅವರ ಬರಹ ಪ್ರಕಟವಾಗಿ ಎರಡು ತಿಂಗಳು ಕಳೆದಿತ್ತು. 1948ರ ಆಗಸ್ಟ್ ತಿಂಗಳಲ್ಲಿ ಒಂದು ರಾತ್ರಿ ಮಲಗಿದ ಸುಬ್ಬರಾವ್ ಅವರು ಮತ್ತೆ ಏಳಲಿಲ್ಲ. ನಿದ್ರೆಯಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ ವಯಸ್ಸು. ತಾಯ್ನಾಡು ಸ್ವತಂತ್ರವಾಗಿ ಅಷ್ಟರಲ್ಲಿ ಒಂದು ವರ್ಷವಾಗುತ್ತ ಬಂದಿತ್ತು. ಖಾದಿ ತೊಟ್ಟುದಕ್ಕಾಗಿ ಪದವಿಯನ್ನು ಕಳೆದುಕೊಂಡವರು ಸ್ವತಂತ್ರ ಭಾರತವನ್ನು ಕಣ್ಣಾರೆ ಕಾಣಲಿಲ್ಲ. ತಮ್ಮ ಪ್ರಯೋಗಶಾಲೆಯ ಔಷಧಗಳಿಂದ ಉಳಿದ ಮಕ್ಕಳು ಬೆಳೆದು ದೊಡ್ಡವರಾಗುವುದನ್ನೂ ಕಾಣಲಿಲ್ಲ.

ಅವರಿಗೆ ನೊಬೆಲ್ ಪಾರಿತೋಷಕ ದೊರೆಯಲಿಲ್ಲ. 1953ರಲ್ಲಿ ಒಂದು ಜಾತಿಯ ಶಿಲೀಂಧ್ರಕ್ಕೆ ಸುಬ್ಬರೊಮೈಸಿಸ್ ಎಂದು ಅವರ ಹೆಸರನ್ನು ಇಟ್ಟರು. ಅವರ ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಅವರ ಸೇವೆಯ ಹಿರಿಮೆಗೆ ಹೋಲಿಸಿದರೆ ಈ ಗೌರವಗಳು ಅಲ್ಪವೇ ಸರಿ.

ಪರೀಕ್ಷೆಯಲ್ಲಿ ಎರಡು ಬಾರಿ ಸೋತ ಹುಡುಗ, ಪದವಿಯಲ್ಲಿ ಅನ್ಯಾಯಕ್ಕೆ ಗುರಿಯಾದ ತರುಣ, ಹದಿನೇಳು ವರ್ಷಗಳಷ್ಟು ಕಾಲ ದುಡಿದರೂ ಶಾಶ್ವತ ಹುದ್ದೆ ದೊರೆಯದ ಸಂಶೋಧಕ. ಸುಬ್ಬರಾವ್ ಅವರ ಜೀವನವನ್ನು ಸೋಲುಗಳ ಪಟ್ಟಿಯಾಗಿಯೂ ಬರೆಯಬಹುದು. ಆದರೆ ಪ್ರತಿಯೊಂದು ಸೋಲಿನ ಅನಂತರವೂ ಅವರು ಕೈಯಲ್ಲಿದ್ದ ಪ್ರಶ್ನೆಯನ್ನು ಬಿಡಲಿಲ್ಲ. ತಡವಾಗಿ ಮೂಡಿದ ನೀಲಿ ಬಣ್ಣವನ್ನು ಕಡೆಗಣಿಸದ ತಾಳ್ಮೆ, ವಿಪರೀತವಾದ ಫಲದಲ್ಲಿಯೂ ಸುಳಿವನ್ನು ಕಾಣುವ ವಿವೇಕ, ಹಲವರೊಡನೆ ಕೂಡಿ ದುಡಿಯುವ ಸೌಜನ್ಯ ಇವೇ ವಿಜ್ಞಾನದ ನಿಜವಾದ ಸಲಕರಣೆಗಳು. ಇವು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ, ಯಾವ ಬಡವನಿಗೂ ನಿಲುಕದವಲ್ಲ. ಸಂನ್ಯಾಸಿಯಾಗಿ ಲೋಕಸೇವೆ ಮಾಡಬೇಕೆಂದು ಬಯಸಿದ್ದ ಸುಬ್ಬರಾವ್ ಅವರು ಪ್ರಯೋಗಶಾಲೆಯನ್ನೇ ಆಶ್ರಮವನ್ನಾಗಿ ಮಾಡಿಕೊಂಡರು. ಅವರ ಹೆಸರನ್ನು ಎಂದೂ ಕೇಳದ ಲಕ್ಷಾಂತರ ಜನ ಇಂದು ಅವರ ತಪಸ್ಸಿನ ಫಲವನ್ನು ಉಣ್ಣುತ್ತಿದ್ದಾರೆ.